ಡೀಬಗರಿಗೆ ಹೊಸ ಭಾಷೆ: ಲಕ್ಷಣರಚನೆಯ ಒಂದು ಆಧುನಿಕ ನಿದರ್ಶನ

1. ಪೀಠಿಕೆ

ಕನ್ನಡ ಅಧ್ಯಯನಕ್ಕೆ ಮೀಸಲಾದ ಸಂಪುಟದಲ್ಲಿ ಗಣಕದ ಉಪಕರಣವೊಂದನ್ನು ಕುರಿತ ಬರಹಕ್ಕೆ ಎಡೆಯುಂಟೆ ಎಂಬ ಶಂಕೆ ಓದುಗರಲ್ಲಿ ಮೂಡಿದರೆ ಅದು ಅಸಹಜವೇನಲ್ಲ. ಆದರೆ ಭಾಷೆಯೊಂದರ ಲಕ್ಷಣವನ್ನು ನಿರೂಪಿಸುವ ಕಾರ್ಯ ಇಂದು ವ್ಯಾಕರಣ ಗ್ರಂಥಗಳಲ್ಲಿ ಮಾತ್ರವೇ ನಡೆಯುತ್ತಿಲ್ಲ. ಗಣಕಕ್ಕೆ ಸಂಬಂಧಿಸಿದ ಅನೇಕ ತಂತ್ರಾಂಶಗಳ ಒಳಗೆ ಪದವೆಂದರೇನು, ವಾಕ್ಯವೆಂದರೇನು, ಒಂದು ಹೆಸರು ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುತ್ತದೆ ಎಂಬ ಪ್ರಶ್ನೆಗಳಿಗೆ ಯಾರಾದರೊಬ್ಬರು ಖಚಿತವಾದ ಉತ್ತರಗಳನ್ನು ಬರೆದಿಟ್ಟಿರುತ್ತಾರೆ. ಹಾಗೆ ಬರೆದವರು ತಮ್ಮನ್ನು ವೈಯಾಕರಣರೆಂದು ಕರೆದುಕೊಳ್ಳುವುದಿಲ್ಲ. ಆದರೆ ಅವರು ಮಾಡುವುದು ವೈಯಾಕರಣರ ಕೆಲಸವನ್ನೇ.

ಇಂತಹ ತಂತ್ರಾಂಶಗಳಲ್ಲಿ ಡೀಬಗರ್ ಒಂದು. ಈಗಾಗಲೇ ಬಳಕೆಯಲ್ಲಿರುವ ಮುಕ್ತ ಡೀಬಗರಿಗೆ ಹೊಸ ಕ್ರಮವಿಧಿ ಭಾಷೆಯೊಂದನ್ನು ಕಲಿಸುವುದು ಹೇಗೆ, ಅದಕ್ಕೆ ಯಾವ ಯಾವ ಅಂಗಗಳು ಬೇಕು, ಕಲಿಸಿದ ಭಾಷೆ ಅದರಲ್ಲಿ ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ವಿವರಣೆಯ ಕೊನೆಯಲ್ಲಿ ಕನ್ನಡದ ಸ್ಥಿತಿಯನ್ನೂ ಪರಿಶೀಲಿಸಲಾಗಿದೆ.

2. ಮುಕ್ತ ತಂತ್ರಾಂಶವೆಂಬ ಸಾಮೂಹಿಕ ಸ್ವತ್ತು

ಪುಣೆಯಿಂದ ಮುಂಬಯಿಗೆ ಹೋಗುವ ರೈಲುಮಾರ್ಗದಲ್ಲಿ, ಪುಣೆಯ ವಾಯವ್ಯಕ್ಕೆ ತಳೇಗಾಂವ ದಾಭಾಡೆ ಎಂಬ ಊರಿದೆ. ಮರಾಠಾ ಸೇನಾಪತಿಗಳಾಗಿದ್ದ ದಾಭಾಡೆ ಮನೆತನದಿಂದ ಅದಕ್ಕೆ ಆ ಹೆಸರು. ಸ್ವದೇಶಿ ಚಳವಳಿಯ ಕಾಲದಲ್ಲಿ, 1908ರಲ್ಲಿ, ಅಲ್ಲಿ ಪೈಸಾ ಫಂಡ್ ಗಾಜಿನ ಕಾರ್ಖಾನೆ ಪ್ರಾರಂಭವಾಯಿತು. ಪ್ರತಿಯೊಬ್ಬರೂ ಒಂದೊಂದು ಪೈಸೆ ಕೊಟ್ಟರೆ ದೇಶೀಯ ಕೈಗಾರಿಕೆಗೆ ಬಂಡವಾಳ ಕೂಡುತ್ತದೆಂಬ ಅಂತಾಜಿ ದಾಮೋದರ ಕಾಳೆಯವರ ಆಲೋಚನೆ ಅದರ ಮೂಲ. ಲೋಕಮಾನ್ಯ ತಿಲಕರ ಬೆಂಬಲ ಅದಕ್ಕಿತ್ತು. ಗಾಜನ್ನು ತಯಾರಿಸುವುದರ ಜೊತೆಗೆ ಆ ವಿದ್ಯೆಯನ್ನು ಕಲಿಸುವುದೂ ಕಾರ್ಖಾನೆಯ ಉದ್ದೇಶವಾಗಿತ್ತು. ಸ್ವತ್ತು ಒಬ್ಬರದಲ್ಲ, ವಿದ್ಯೆ ಗುಟ್ಟಿನದಲ್ಲ ಎಂಬ ಎರಡು ತತ್ತ್ವಗಳು ಅಲ್ಲಿ ಒಂದಾಗಿದ್ದವು.

ಮುಕ್ತ ತಂತ್ರಾಂಶದ ತತ್ತ್ವವೂ ಇವೆರಡೇ. ರಿಚರ್ಡ್ ಸ್ಟಾಲ್ಮನ್ ಅವರು 1986ರಲ್ಲಿ ಬರೆದ ಜಿಡಿಬಿ ಎಂಬ ಡೀಬಗರಿನ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಇತರರಿಗೆ ಹಂಚಬಹುದು. ಲೋಕದ ನಾನಾ ಭಾಗಗಳ ಜನ ತಮ್ಮ ತಮ್ಮ ಅಗತ್ಯಕ್ಕೆ ತಕ್ಕಂತೆ ಅದಕ್ಕೆ ತುಣುಕುಗಳನ್ನು ಕೂಡಿಸಿದ್ದಾರೆ. ತಳೇಗಾಂವ ಇರುವ ಪುಣೆ ಜಿಲ್ಲೆಯಿಂದಲೂ ಅಂತಹ ಕೊಡುಗೆ ಸಂದಿದೆ. ಸಿಆರ್16 ಎಂಬ ಸಣ್ಣ ಸಂಸ್ಕಾರಕದ ಮೇಲೆ ನಡೆಯುವ ಕ್ರಮವಿಧಿಗಳನ್ನು ಪರೀಕ್ಷಿಸಲು ಬೇಕಾದ ಭಾಗವನ್ನು ಪುಣೆಯ ಕೆಪಿಐಟಿ ಕಮಿನ್ಸ್ ಸಂಸ್ಥೆಯವರು ರಚಿಸಿಕೊಟ್ಟರು. 2013ರ ವೇಳೆಗೆ ಅದು ಜಿಡಿಬಿಯಲ್ಲಿ ಸೇರಿತು. ಆದರೆ ಅದು ಹೊಸ ಯಂತ್ರವೊಂದನ್ನು ಪರಿಚಯಿಸಿದ ಕೆಲಸ. ಹೊಸ ಭಾಷೆಯೊಂದನ್ನು ಪರಿಚಯಿಸುವುದು ಅದಕ್ಕಿಂತ ಭಿನ್ನವಾದದ್ದು. ಯಂತ್ರವನ್ನು ಕಲಿಸುವಾಗ ಡೀಬಗರಿನ ಮುಖ ಲೋಹದ ಕಡೆಗಿರುತ್ತದೆ. ಭಾಷೆಯನ್ನು ಕಲಿಸುವಾಗ ಮನುಷ್ಯನ ಕಡೆಗೆ ತಿರುಗುತ್ತದೆ.

3. ಡೀಬಗರಿನ ಕಾರ್ಯ

ಕ್ರಮವಿಧಿಯನ್ನು ಬರೆಯುವವನು ಅದನ್ನು ಸಿ, ಪ್ಯಾಸ್ಕಲ್, ಫೋರ್ಟ್ರಾನ್ ಮೊದಲಾದ ಯಾವುದಾದರೊಂದು ಭಾಷೆಯಲ್ಲಿ ಬರೆಯುತ್ತಾನೆ. ಕಂಪೈಲರ್ ಅದನ್ನು ಯಂತ್ರದ ಆದೇಶಗಳನ್ನಾಗಿ ಪರಿವರ್ತಿಸುತ್ತದೆ. ಈ ಪರಿವರ್ತನೆಯಲ್ಲಿ ಮೂಲದ ಹೆಸರುಗಳೂ ವಾಕ್ಯಗಳೂ ಕರಗಿಹೋಗಿ ಉಳಿಯುವುದು ಸಂಖ್ಯೆಗಳ ಸಾಲು ಮಾತ್ರ. ಕ್ರಮವಿಧಿ ನಡುವೆ ತಪ್ಪಿ ನಿಂತಾಗ, ಅಥವಾ ತಪ್ಪು ಉತ್ತರ ಕೊಟ್ಟಾಗ, ದೋಷವೆಲ್ಲಿದೆಯೆಂದು ಆ ಸಂಖ್ಯೆಗಳನ್ನು ನೋಡಿ ತಿಳಿಯುವುದು ಬಹು ಕಷ್ಟ. ಡೀಬಗರ್ ನೆರವಿಗೆ ಬರುವುದು ಇಲ್ಲಿ. ಅದು ನಡೆಯುತ್ತಿರುವ ಕ್ರಮವಿಧಿಯನ್ನು ಬೇಕಾದೆಡೆ ತಡೆದು ನಿಲ್ಲಿಸುತ್ತದೆ. ನಿಂತಿರುವುದು ಮೂಲಪಾಠದ ಎಷ್ಟನೆಯ ಸಾಲಿನಲ್ಲಿ ಎಂದು ಹೇಳುತ್ತದೆ. ಇಂತಹ ಹೆಸರಿನ ಪದಾರ್ಥಕ್ಕೆ ಈ ಕ್ಷಣದಲ್ಲಿ ಬೆಲೆಯೆಷ್ಟು ಎಂಬ ಪ್ರಶ್ನೆಗೆ ಉತ್ತರಿಸುತ್ತದೆ.

ಕಳೆದುಹೋದ ಹೆಸರುಗಳು ಅದಕ್ಕೆ ಸಿಗುವುದು ಹೇಗೆ? ಕೇಳಿಕೊಂಡಾಗ ಕಂಪೈಲರ್ ಯಂತ್ರಾದೇಶಗಳ ಜೊತೆಯಲ್ಲಿ ಒಂದು ಟಿಪ್ಪಣಿಯನ್ನೂ ಬರೆದಿಡುತ್ತದೆ. ಮೂಲಕಾವ್ಯದೊಡನೆ ಟೀಕೆಯನ್ನೂ ಕಟ್ಟಿಟ್ಟ ಓಲೆಯ ಕಟ್ಟಿನಂತೆ ಎಂದು ಇದನ್ನು ಭಾವಿಸಬಹುದು. ಈ ಟಿಪ್ಪಣಿಗೆ ಸರ್ವಸಮ್ಮತವಾದ ಒಂದು ರೂಪವಿದ್ದು ಅದನ್ನು ಡ್ವಾರ್ಫ್ ಎಂದು ಕರೆಯುತ್ತಾರೆ. ಅದರ ಎರಡನೆಯ ಆವೃತ್ತಿ 1993ರಲ್ಲಿಯೂ ಐದನೆಯದು 2017ರಲ್ಲಿಯೂ ಹೊರಬಂದವು. ಟಿಪ್ಪಣಿಯನ್ನು ಕಂಪೈಲರ್ ಬರೆಯುತ್ತದೆ, ಡೀಬಗರ್ ಓದುತ್ತದೆ. ಆದರೆ ಟಿಪ್ಪಣಿಯನ್ನು ಓದಬಲ್ಲುದು ಎಂದ ಮಾತ್ರಕ್ಕೆ ಡೀಬಗರಿಗೆ ಆ ಭಾಷೆ ಬರುತ್ತದೆಂದು ಅರ್ಥವಲ್ಲ. ಟೀಕೆಯ ನೆರವಿನಿಂದ ಪದಾರ್ಥವನ್ನು ತಿಳಿಯುವುದೇ ಬೇರೆ, ಆ ಭಾಷೆಯಲ್ಲಿ ಸಂಭಾಷಿಸುವುದೇ ಬೇರೆ.

4. ಹೊಸ ಭಾಷೆಯ ಅಂಗಗಳು

ಜಿಡಿಬಿಗೆ ಹೊಸ ಭಾಷೆಯನ್ನು ಸೇರಿಸುವವರು ಮಾಡಬೇಕಾದ ಕಾರ್ಯವನ್ನು ಐದು ಅಂಗಗಳಾಗಿ ವಿಂಗಡಿಸಬಹುದು.

ಮೊದಲನೆಯದು ಗುರುತು. ಮುಂದಿರುವ ಟಿಪ್ಪಣಿ ಯಾವ ಭಾಷೆಯ ಕ್ರಮವಿಧಿಗೆ ಸೇರಿದ್ದು ಎಂಬುದು ಡೀಬಗರಿಗೆ ತಿಳಿಯಬೇಕು. ಇದಕ್ಕಾಗಿ ಡ್ವಾರ್ಫ್ ಪ್ರತಿಯೊಂದು ಭಾಷೆಗೂ ಒಂದು ಸಂಖ್ಯೆಯನ್ನು ಗೊತ್ತುಪಡಿಸಿದೆ: ಸಿ ಭಾಷೆಗೆ 2, ಸಿ ಪ್ಲಸ್ ಪ್ಲಸ್‌ಗೆ 4, ಫೋರ್ಟ್ರಾನ್ 77ಕ್ಕೆ 7, ರಸ್ಟ್ ಭಾಷೆಗೆ 28. ಇನ್ನೂ ಪಟ್ಟಿಯಲ್ಲಿ ಸೇರದ ಭಾಷೆಗಳಿಗಾಗಿ ಬೇರೆಯೇ ಒಂದು ಸಂಖ್ಯಾಶ್ರೇಣಿಯನ್ನು ಖಾಲಿ ಬಿಡಲಾಗಿದೆ. ಜಿಡಿಬಿಯೊಳಗಿನ ಭಾಷಾಪಟ್ಟಿಯಲ್ಲಿಯೂ ಹೊಸ ಹೆಸರನ್ನು ಸೇರಿಸಿ ಈ ಸಂಖ್ಯೆಗೆ ಹೊಂದಿಸಬೇಕು.

ಎರಡನೆಯದು ವಾಕ್ಯವಿಶ್ಲೇಷಣೆ. ಬಳಕೆದಾರನು ಡೀಬಗರಿಗೆ ಕೇಳುವ ಪ್ರಶ್ನೆಯೂ ಅವನ ಕ್ರಮವಿಧಿಯ ಭಾಷೆಯಲ್ಲಿಯೇ ಇರುತ್ತದೆ. ಅದನ್ನು ಪದಗಳಾಗಿ ಬಿಡಿಸಿ ಅನ್ವಯವನ್ನು ನಿರ್ಧರಿಸುವ ಭಾಗವನ್ನು ಪಾರ್ಸರ್ ಎನ್ನುತ್ತಾರೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಭಾಷೆಯ ಸಮಗ್ರ ವ್ಯಾಕರಣ ಡೀಬಗರಿಗೆ ಬೇಕಾಗಿಲ್ಲ. ಹೊಸ ವಿಧಿಗಳನ್ನು ರಚಿಸುವ, ಪುನರಾವರ್ತನೆಯನ್ನು ಸೂಚಿಸುವ ದೊಡ್ಡ ರಚನೆಗಳನ್ನು ಅದು ಬಿಡಬಹುದು. ಬೆಲೆಯನ್ನು ಕೊಡುವ ಪದಪುಂಜಗಳನ್ನು ಮಾತ್ರ ತಿಳಿದರೆ ಸಾಕು. ಬಹುಕಾಲ ಇಂತಹ ವ್ಯಾಕರಣಗಳನ್ನು ಯಾಕ್ ಎಂಬ ಸಾಧನದ ನೆರವಿನಿಂದ ಸೂತ್ರರೂಪದಲ್ಲಿ ಬರೆಯುವ ವಾಡಿಕೆಯಿತ್ತು. ಆ ಸಾಧನ ಪ್ರತಿಯೊಂದು ವ್ಯಾಕರಣಕ್ಕೂ ಅವವೇ ಪರಿಭಾಷೆಗಳನ್ನು ಬಳಸುತ್ತಿದ್ದುದರಿಂದ, ಒಂದೇ ಡೀಬಗರಿನಲ್ಲಿ ಹಲವು ಭಾಷೆಗಳು ಕೂಡಿದಾಗ ಹೆಸರುಗಳು ಡಿಕ್ಕಿ ಹೊಡೆಯುತ್ತಿದ್ದವು. ಆದುದರಿಂದ ಪ್ರತಿ ವ್ಯಾಕರಣದ ಆದಿಯಲ್ಲಿ ಆ ಪರಿಭಾಷೆಗಳಿಗೆ ಬೇರೆ ಹೆಸರು ಕೊಡುವುದು ಕಡ್ಡಾಯವಾಗಿತ್ತು.

ಮೂರನೆಯದು ಅರ್ಥನಿರ್ಣಯ. ಒಂದೇ ಚಿಹ್ನೆ ಬೇರೆ ಬೇರೆ ಭಾಷೆಗಳಲ್ಲಿ ಬೇರೆ ಬೇರೆ ಅರ್ಥ ಕೊಡುತ್ತದೆ. ಏಳನ್ನು ಎರಡರಿಂದ ಭಾಗಿಸು ಎಂದು ಓರೆಗೆರೆಯ ಚಿಹ್ನೆಯಿಂದ ಸೂಚಿಸಿದರೆ ಸಿ ಭಾಷೆಯಲ್ಲಿ ಬರುವ ಉತ್ತರ 3, ಪ್ಯಾಸ್ಕಲ್‌ನಲ್ಲಿ 3.5. ಅನೇಕ ಬೆಲೆಗಳ ಸಾಲಿನಲ್ಲಿ ಮೊದಲನೆಯದನ್ನು ಸಿ ಭಾಷೆ ಸೊನ್ನೆಯಿಂದ ಎಣಿಸುತ್ತದೆ. ಫೋರ್ಟ್ರಾನ್ ಸಾಮಾನ್ಯವಾಗಿ ಒಂದರಿಂದ. ಇದಕ್ಕಿಂತ ಗಂಭೀರವಾದದ್ದು ಸಮಚಿಹ್ನೆಯ ವಿಷಯ. ಒಂದು ಹೆಸರಿನ ಮುಂದೆ ಸಮಚಿಹ್ನೆಯನ್ನೂ ಐದನ್ನೂ ಬರೆದರೆ ಪ್ಯಾಸ್ಕಲ್‌ನಲ್ಲಿ ಅದು ಪ್ರಶ್ನೆ: ಇದರ ಬೆಲೆ ಐದೆ? ಸಿ ಭಾಷೆಯಲ್ಲಿ ಅದು ಆಜ್ಞೆ: ಇದರ ಬೆಲೆಯನ್ನು ಐದಾಗಿಸು. ಡೀಬಗರ್ ಭಾಷೆಯನ್ನು ತಪ್ಪಾಗಿ ತಿಳಿದರೆ, ದೋಷವನ್ನು ಹುಡುಕಹೊರಟವನ ಪ್ರಶ್ನೆಯೇ ನಡೆಯುತ್ತಿರುವ ಕ್ರಮವಿಧಿಯನ್ನು ಬದಲಾಯಿಸಿಬಿಡುತ್ತದೆ. ಪರೀಕ್ಷಕನೇ ಸಾಕ್ಷ್ಯವನ್ನು ಕೆಡಿಸಿದಂತಾಗುತ್ತದೆ.

ನಾಲ್ಕನೆಯದು ಪ್ರದರ್ಶನ. ಉತ್ತರವನ್ನು ಬಳಕೆದಾರನ ಭಾಷೆಯ ರೂಢಿಯಂತೆ ತೋರಿಸಬೇಕು. ಅಕ್ಷರಮಾಲೆಯನ್ನು ಹೇಗೆ ಬರೆಯಬೇಕು, ಸತ್ಯ ಮಿಥ್ಯಗಳಿಗೆ ಯಾವ ಪದ, ಒಂದು ಪದಾರ್ಥದ ಜಾತಿಯನ್ನು ಯಾವ ರೀತಿ ಹೇಳಬೇಕು ಎಂಬುವೆಲ್ಲ ಈ ಭಾಗಕ್ಕೆ ಸೇರುತ್ತವೆ.

ಐದನೆಯದನ್ನು ಪದಚ್ಛೇದವೆಂದು ಕರೆಯುವುದು ಉಚಿತ. ಸಿ ಪ್ಲಸ್ ಪ್ಲಸ್ ಮೊದಲಾದ ಭಾಷೆಗಳಲ್ಲಿ ಒಂದೇ ಹೆಸರಿನ ಅನೇಕ ವಿಧಿಗಳಿರಬಹುದು. ಅವುಗಳನ್ನು ಬೇರ್ಪಡಿಸಲು ಕಂಪೈಲರ್ ಹೆಸರಿನ ಉದ್ದ, ಹೆಸರು, ಅದು ಪಡೆಯುವ ಪದಾರ್ಥಗಳ ಜಾತಿಸೂಚಕಗಳು ಇವೆಲ್ಲವನ್ನೂ ಬೆಸೆದು ಒಂದೇ ಪದ ಮಾಡುತ್ತದೆ. ಸಂಧಿಯಾದ ಆ ರೂಪವನ್ನು ಬಿಡಿಸಿ ಮೂಲಪದವನ್ನು ತೋರಿಸದಿದ್ದರೆ ಬಳಕೆದಾರನಿಗೆ ತಾನೇ ಇಟ್ಟ ಹೆಸರಿನ ಗುರುತು ಸಿಗುವುದಿಲ್ಲ.

ಇವಲ್ಲದೆ ಕೈಪಿಡಿಯಲ್ಲಿ ಹೊಸ ಭಾಷೆಗೆ ಒಂದು ಅಧ್ಯಾಯವನ್ನೂ, ಮುಂದಿನ ಬದಲಾವಣೆಗಳಿಂದ ಅದು ಕೆಡದಂತೆ ನೋಡಿಕೊಳ್ಳುವ ಪರೀಕ್ಷೆಗಳನ್ನೂ ಬರೆಯಬೇಕು. ಲಕ್ಷಣಕ್ಕೆ ಲಕ್ಷ್ಯವನ್ನು ಕೊಡುವ ನಮ್ಮ ವ್ಯಾಕರಣ ಪರಂಪರೆಯನ್ನು ಬಲ್ಲವರಿಗೆ ಈ ಪರೀಕ್ಷೆಗಳ ಮಹತ್ವವನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

5. ರಸ್ಟ್ ಭಾಷೆಯ ನಿದರ್ಶನ

ರಸ್ಟ್ ಭಾಷೆಯ ಮೊದಲ ಸ್ಥಿರ ಆವೃತ್ತಿ ಹೊರಬಂದದ್ದು 2015ರಲ್ಲಿ. ಅದರ ಕಂಪೈಲರ್ ಡ್ವಾರ್ಫ್ ಟಿಪ್ಪಣಿಯನ್ನು ಬರೆಯುತ್ತಿದ್ದುದರಿಂದ ಜಿಡಿಬಿಯಲ್ಲಿ ಅದನ್ನು ಹೇಗೋ ಪರೀಕ್ಷಿಸಬಹುದಾಗಿತ್ತು. ಆದರೆ ಪ್ರಶ್ನೆಗಳನ್ನು ಸಿ ಭಾಷೆಯ ಮರ್ಯಾದೆಯಲ್ಲಿಯೇ ಕೇಳಬೇಕಾಗಿತ್ತು. ರಸ್ಟ್‌ನಲ್ಲಿ ಒಂದು ಪದಾರ್ಥ ಹಲವು ಪರ್ಯಾಯ ರೂಪಗಳಲ್ಲಿ ಯಾವುದಾದರೊಂದನ್ನು ತಾಳಬಹುದು. ಆಯಾ ರೂಪಕ್ಕೆ ಆಯಾ ಒಳವಸ್ತುಗಳಿರುತ್ತವೆ. ಸಿ ಭಾಷೆಯಲ್ಲಿ ಇದಕ್ಕೆ ನೇರವಾದ ಸಂವಾದಿ ಇಲ್ಲ. ಸಿ ಭಾಷೆಯ ಅಚ್ಚಿನಲ್ಲಿ ನೋಡಿದರೆ ಕಾಣುವುದು ಒಂದರ ಮೇಲೊಂದು ಬಿದ್ದ ತುಂಡುಗಳು; ಅವುಗಳಲ್ಲಿ ಈ ಕ್ಷಣಕ್ಕೆ ಸಲ್ಲುವುದು ಯಾವುದೆಂದು ಬಳಕೆದಾರನೇ ಊಹಿಸಬೇಕು.

2016ರಲ್ಲಿ ಟಾಮ್ ಟ್ರೋಮಿ ಅವರು ಮನೀಶ್ ಗೋರೆಗಾಂವ್ಕರ್ ಅವರ ಸಹಯೋಗದಿಂದ ರಸ್ಟ್ ಭಾಷೆಯ ಅಂಗಗಳನ್ನು ಜಿಡಿಬಿಗೆ ಸೇರಿಸಿದರು, 7.12ನೆಯ ಆವೃತ್ತಿಯಲ್ಲಿ ಅವು ಎಲ್ಲರಿಗೂ ದೊರೆತವು. ಆಗ ಅದರ ವ್ಯಾಕರಣ ಯಾಕ್ ಸೂತ್ರಗಳಲ್ಲಿತ್ತು. ಮುಂದೆ ಆ ಸೂತ್ರಗಳನ್ನು ಬಿಟ್ಟು ಕೈಯಿಂದಲೇ ಬರೆದ ಪಾರ್ಸರನ್ನು ಅದರ ಸ್ಥಾನದಲ್ಲಿ ಇರಿಸಲಾಯಿತು. ಬದುಕಿರುವ ಭಾಷೆ ಬೆಳೆಯುತ್ತದೆ. ಅದರ ಲಕ್ಷಣಗ್ರಂಥವೂ ಅದರೊಡನೆ ಪರಿಷ್ಕಾರಗೊಳ್ಳಬೇಕಾಗುತ್ತದೆ.

ಈ ನಿದರ್ಶನ ನಮ್ಮ ವ್ಯಾಕರಣ ಚರಿತ್ರೆಯ ಒಂದು ಹಳೆಯ ಸಮಸ್ಯೆಯನ್ನು ನೆನಪಿಗೆ ತರುತ್ತದೆ. ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದಾಗ ಅವನ ಮುಂದಿದ್ದ ಚೌಕಟ್ಟು ಸಂಸ್ಕೃತ ವ್ಯಾಕರಣದ್ದು. 1604ರಲ್ಲಿ ಭಟ್ಟಾಕಳಂಕ ಕನ್ನಡದ ಲಕ್ಷಣವನ್ನು ಹೇಳಿದ್ದಂತೂ ಸಂಸ್ಕೃತ ಸೂತ್ರಗಳಲ್ಲಿಯೇ. ಆದರೂ ಗಮಕಸಮಾಸ, ಶ್ರುತಿಸಹ್ಯಸಂಧಿ ಮೊದಲಾದವು ಕನ್ನಡದ ವೈಶಿಷ್ಟ್ಯಗಳೆಂದು ಕೇಶಿರಾಜ ಗುರುತಿಸಿದ. ಎರವಲು ಚೌಕಟ್ಟಿನಲ್ಲಿ ಯಾವುದು ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂಬ ವಿವೇಕವೇ ಲಕ್ಷಣಕಾರನ ಮುಖ್ಯ ಗುಣ. ಸಿ ಭಾಷೆಗಾಗಿ ಹುಟ್ಟಿದ ಚೌಕಟ್ಟಿನಲ್ಲಿ ರಸ್ಟನ್ನು ಕೂರಿಸಿದವರಿಗೂ ಅದೇ ವಿವೇಕ ಬೇಕಾಯಿತು.

6. ಸೇರಿದ ಭಾಷೆ ಹೊರಹೋಗುವುದು

ಡೀಬಗರಿಗೆ ಒಮ್ಮೆ ಸೇರಿದ ಭಾಷೆ ಅಲ್ಲಿ ಶಾಶ್ವತವಾಗಿ ಉಳಿಯುತ್ತದೆಂದು ತಿಳಿಯಬಾರದು. ಜಾವಾ ಭಾಷೆಯನ್ನು ನೇರವಾಗಿ ಯಂತ್ರಾದೇಶಗಳಿಗೆ ಪರಿವರ್ತಿಸುವ ಜಿಸಿಜೆ ಎಂಬ ಮುಕ್ತ ಕಂಪೈಲರ್ ಒಂದಿತ್ತು. ಅದರ ಕ್ರಮವಿಧಿಗಳಿಗಾಗಿ ಜಿಡಿಬಿಯಲ್ಲಿ ಜಾವಾ ಭಾಷೆಯ ಅಂಗಗಳಿದ್ದವು. ನೋಡಿಕೊಳ್ಳುವವರಿಲ್ಲದೆ ಆ ಕಂಪೈಲರನ್ನು ಕೈಬಿಟ್ಟಾಗ ಜಿಡಿಬಿಯೂ ಆ ಅಂಗಗಳನ್ನು ತೆಗೆದುಹಾಕಿತು; 2017ರ 8.0ನೆಯ ಆವೃತ್ತಿಯಿಂದ ಅವು ಇಲ್ಲ. ದೂರವಾಣಿ ವಿನಿಮಯ ಕೇಂದ್ರಗಳಿಗಾಗಿ ರೂಪುಗೊಂಡ ಚಿಲ್ ಎಂಬ ಭಾಷೆಗೂ ಅದಕ್ಕೆ ಮೊದಲೇ ಇದೇ ಗತಿಯಾಗಿತ್ತು. ಜಾವಾ ಭಾಷೆಯನ್ನು ಬಳಸುವವರು 2017ರಲ್ಲಿ ಕಡಿಮೆಯಾಗಿರಲಿಲ್ಲ ಎಂಬುದು ಇಲ್ಲಿ ಮುಖ್ಯ. ಭಾಷಿಕರ ಸಂಖ್ಯೆ ಎಷ್ಟೇ ದೊಡ್ಡದಾಗಿರಲಿ, ಈ ಉಪಕರಣದೊಳಗೆ ಆ ಭಾಷೆಯನ್ನು ಕಾಯುವ ಕೆಲವರು ಇಲ್ಲದಿದ್ದರೆ ಅದಕ್ಕೆ ಅಲ್ಲಿ ಸ್ಥಾನವಿರುವುದಿಲ್ಲ.

7. ಕನ್ನಡದ ಸ್ಥಿತಿ

ಕನ್ನಡದ ಸಂದರ್ಭದಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಬಳಕೆಯಲ್ಲಿರುವ ಕ್ರಮವಿಧಿ ಭಾಷೆಗಳಲ್ಲಿ ಕನ್ನಡದ ಹೆಸರುಗಳನ್ನು ಬಳಸುವುದು ಒಂದು. ಕನ್ನಡವನ್ನೇ ಆಧರಿಸಿದ ಕ್ರಮವಿಧಿ ಭಾಷೆಯನ್ನು ರೂಪಿಸುವುದು ಇನ್ನೊಂದು.

ಮೊದಲನೆಯದು ಈಗ ಸಾಧ್ಯವಾಗಿದೆ. 1991ರಲ್ಲಿ ಹೊರಬಂದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿ ಸೇರಿತ್ತು. 2008ರ ಪೈಥಾನ್ 3ರಲ್ಲಿ ಕನ್ನಡದ ಹೆಸರುಗಳನ್ನು ಇಡಬಹುದು. 2020ರ ಜಿಸಿಸಿ 10ರಿಂದೀಚೆಗೆ ಸಿ ಮತ್ತು ಸಿ ಪ್ಲಸ್ ಪ್ಲಸ್ ಕ್ರಮವಿಧಿಗಳಲ್ಲಿಯೂ ಅವುಗಳನ್ನು ನೇರವಾಗಿ ಬರೆಯಬಹುದು. ‘ಕೂಡು’ ಎಂಬ ವಿಧಿಯೊಂದನ್ನು ಬರೆದೆವೆಂದು ಇಟ್ಟುಕೊಳ್ಳೋಣ. ಕನ್ನಡ ಬಲ್ಲವರ ಎಣಿಕೆಯಲ್ಲಿ ಇದರಲ್ಲಿರುವುದು ಎರಡು ಅಕ್ಷರ. ಯುನಿಕೋಡ್ ಎಣಿಕೆಯಲ್ಲಿ ಕಕಾರ, ಊಕಾರದ ಚಿಹ್ನೆ, ಡಕಾರ, ಉಕಾರದ ಚಿಹ್ನೆ ಎಂದು ನಾಲ್ಕು ಸಂಕೇತ. ಯುಟಿಎಫ್-8 ರೂಪದಲ್ಲಿ ಪ್ರತಿ ಸಂಕೇತಕ್ಕೂ ಮೂರರಂತೆ ಹನ್ನೆರಡು ಬೈಟ್. ಸಿ ಪ್ಲಸ್ ಪ್ಲಸ್ ಕಂಪೈಲರ್ ಬೆಸೆದ ಹೆಸರಿನಲ್ಲಿ ಉದ್ದವೆಂದು ಬರೆಯುವುದು ಈ 12ನ್ನೇ. ಇನ್ನು ಪ್ರದರ್ಶನದ ವಿಷಯ: ಪರಿಸರವು ಯುಟಿಎಫ್-8ಕ್ಕೆ ಹೊಂದಿಸಲ್ಪಟ್ಟಿದ್ದರೆ ಜಿಡಿಬಿ ಅಕ್ಷರಮಾಲೆಯಲ್ಲಿರುವ ಕಕಾರವನ್ನು ಕಕಾರವಾಗಿಯೇ ತೋರಿಸುತ್ತದೆ. ರೋಮನ್ ಅಕ್ಷರಗಳಷ್ಟನ್ನೇ ಬಲ್ಲ ಹಳೆಯ ಪರಿಸರದಲ್ಲಿ ಅದೇ ಅಕ್ಷರ ಎಂಟರ ಮಾನದ 340, 262, 225 ಎಂಬ ಮೂರು ಸಂಖ್ಯೆಗಳಾಗಿ ಕಾಣುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದಿದೆ. ‘ಕೊಡು’ ಎಂಬುದರ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರದ ಮತ್ತು ಊಕಾರದ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಪೈಥಾನ್ ಮತ್ತು ರಸ್ಟ್ ಭಾಷೆಗಳು ಇಂತಹ ಹೆಸರುಗಳನ್ನು ಏಕರೂಪಕ್ಕೆ ತಂದು ನೋಡುತ್ತವೆ. ಸಿ ಭಾಷೆಯಲ್ಲಿ ಇವು ಎರಡು ಬೇರೆ ಹೆಸರುಗಳಾಗುತ್ತವೆ. ಜಿಸಿಸಿ ಎಚ್ಚರಿಕೆಯನ್ನಷ್ಟೇ ಕೊಡುತ್ತದೆ. ಹಾಗೆಯೇ ‘ರಾಜ್‌ಕುಮಾರ್’ ಎಂಬಲ್ಲಿ ಜಕಾರಕ್ಕೆ ಕಕಾರ ಒತ್ತಾಗದಂತೆ ನಾವು ನಡುವೆ ಇಡುವ ಅದೃಶ್ಯ ವಿಯೋಜಕವನ್ನು ಪೈಥಾನ್ ಹೆಸರಿನ ಅಂಗವೆಂದು ಒಪ್ಪುವುದಿಲ್ಲ. ಒತ್ತಕ್ಷರದ ನಿಯಮ ಕನ್ನಡ ಬರವಣಿಗೆಯಲ್ಲಿ ಅರ್ಥಭೇದಕವೆ, ಅಲಂಕಾರ ಮಾತ್ರವೆ ಎಂಬ ಪ್ರಶ್ನೆ ಇಲ್ಲಿ ನೇರವಾಗಿ ಎದುರಾಗುತ್ತದೆ. ಇದಕ್ಕೆ ಉತ್ತರ ಹೇಳಬೇಕಾದವರು ಗಣಕತಜ್ಞರು ಮಾತ್ರವಲ್ಲ.

ಎರಡನೆಯ ಪ್ರಶ್ನೆ ಇನ್ನೂ ಆಳವಾದದ್ದು. ಮಕ್ಕಳಿಗಾಗಿ ರೂಪುಗೊಂಡ ಲೋಗೊ ಭಾಷೆಯನ್ನು ಯು.ಬಿ. ಪವನಜ ಅವರು ಕನ್ನಡಕ್ಕೆ ಅಳವಡಿಸಿದ್ದಾರೆ. ಕನ್ನಡದ ಆದೇಶಗಳಿಂದ ಗಣಕವನ್ನು ನಡೆಸಬಹುದೆಂಬುದಕ್ಕೆ ಅದೇ ಪ್ರಮಾಣ. ಆದರೆ ದೊಡ್ಡ ಕ್ರಮವಿಧಿಗಳಿಗೆ ತಕ್ಕ ಕನ್ನಡದ ಭಾಷೆಯೊಂದನ್ನು ರೂಪಿಸಿ ಅದನ್ನು ಡೀಬಗರಿಗೆ ಕಲಿಸಬೇಕಾದರೆ ಇಂಗ್ಲಿಷಿನ ಪದಗಳ ಸ್ಥಾನದಲ್ಲಿ ಕನ್ನಡ ಪದಗಳನ್ನಿಟ್ಟರೆ ಸಾಲದು. ಇಂಗ್ಲಿಷಿನಲ್ಲಿ ಷರತ್ತಿನ ಪದ ಷರತ್ತಿಗಿಂತ ಮೊದಲು ಬರುತ್ತದೆ. ಕನ್ನಡದಲ್ಲಿ ‘ಆದರೆ’, ‘ಇದ್ದರೆ’ ಎಂಬವು ಷರತ್ತಿನ ಕೊನೆಗೆ ಹತ್ತುತ್ತವೆ. ಇಂಗ್ಲಿಷಿನಲ್ಲಿ ಆಜ್ಞೆ ಮೊದಲು, ಕರ್ಮ ಅನಂತರ; ‘ಎರಡಕ್ಕೆ ಮೂರನ್ನು ಕೂಡಿಸು’ ಎಂಬ ಕನ್ನಡ ವಾಕ್ಯದಲ್ಲಿ ಕ್ರಿಯೆ ಕೊನೆಗೆ ಬರುತ್ತದೆ, ಯಾವುದು ಯಾವುದಕ್ಕೆ ಎಂಬುದನ್ನು ವಿಭಕ್ತಿ ಹೇಳುತ್ತದೆ. ವಿಭಕ್ತಿ ಹತ್ತಿದ ರೂಪದಿಂದ ಪ್ರಕೃತಿಯನ್ನು ಬಿಡಿಸಿ, ಅದೇ ಬಳಕೆದಾರನಿಟ್ಟ ಹೆಸರೆಂದು ಗುರುತಿಸುವ ಪಾರ್ಸರ್ ಬೇಕು. ಹೀಗೆ ಐದು ಅಂಗಗಳಲ್ಲಿ ಕನಿಷ್ಠ ಮೂರು, ಎಂದರೆ ವಾಕ್ಯವಿಶ್ಲೇಷಣೆ, ಪ್ರದರ್ಶನ ಮತ್ತು ಪದಚ್ಛೇದ, ಕನ್ನಡ ವ್ಯಾಕರಣದ ನೆರವಿಲ್ಲದೆ ಪೂರ್ಣಗೊಳ್ಳಲಾರವು.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮುಕ್ತ ಡೀಬಗರಿನಲ್ಲಿ ಭಾಷೆಯೊಂದರ ಸ್ಥಾನವನ್ನು ಅದರ ಪ್ರಾಚೀನತೆಯಾಗಲಿ ಭಾಷಿಕರ ಸಂಖ್ಯೆಯಾಗಲಿ ನಿರ್ಧರಿಸುವುದಿಲ್ಲ. ಅದರ ಲಕ್ಷಣವನ್ನು ಯಂತ್ರಕ್ಕೆ ತಿಳಿಯುವಂತೆ ಬರೆದವರಿದ್ದಾರೆಯೆ, ಬರೆದದ್ದನ್ನು ಕಾಯುವವರಿದ್ದಾರೆಯೆ ಎಂಬುದೇ ನಿರ್ಣಾಯಕ. ಎರಡನೆಯದಾಗಿ, ಆ ಬಾಗಿಲು ಯಾರಿಗೂ ಮುಚ್ಚಿಲ್ಲ. ಮೂಲಪಾಠ ತೆರೆದಿದೆ, ಹಿಂದಿನವರು ಹೇಗೆ ಬರೆದರೆಂಬುದನ್ನು ಓದಿ ತಿಳಿಯಬಹುದು.

ಕನ್ನಡ ವಿಭಾಗಗಳು ಕಂಪೈಲರ್ ಬರೆಯಬೇಕೆಂದು ಇದರ ಅರ್ಥವಲ್ಲ. ಕನ್ನಡದಲ್ಲಿ ಒಂದು ಹೆಸರು ಯಾವ ಯಾವ ರೂಪಗಳಲ್ಲಿ ಬರಬಹುದು, ಎರಡು ಬರಹಗಳು ಯಾವಾಗ ಒಂದೇ ಪದವೆನಿಸುತ್ತವೆ, ವಿಯೋಜಕ ಎಲ್ಲಿ ಅವಶ್ಯಕ, ವಿಭಕ್ತಿಯಿಂದ ಪ್ರಕೃತಿಯನ್ನು ಬಿಡಿಸುವ ಕ್ರಮವೇನು ಎಂಬವನ್ನು ಸಂದಿಗ್ಧವಿಲ್ಲದ ಸೂತ್ರಗಳಾಗಿ, ಪ್ರತಿ ಸೂತ್ರಕ್ಕೂ ಲಕ್ಷ್ಯಗಳನ್ನು ಕೊಟ್ಟು, ಬರೆದು ಬಹಿರಂಗವಾಗಿ ಇಟ್ಟರೆ ಸಾಕು. ಅವುಗಳನ್ನು ಯಂತ್ರಕ್ಕೆ ಒಗ್ಗಿಸುವ ತರುಣರು ಬೆಂಗಳೂರಿನಲ್ಲಿದ್ದಾರೆ, ಪುಣೆಯಲ್ಲಿದ್ದಾರೆ, ಕನ್ನಡಿಗರು ನೆಲೆಸಿರುವ ಬೇರೆ ಎಡೆಗಳಲ್ಲಿಯೂ ಇದ್ದಾರೆ. ಅವರ ಕೈಗೆ ಕೊಡಲು ಸಿದ್ಧವಾದ ಲಕ್ಷಣಗ್ರಂಥವೊಂದು ನಮ್ಮಲ್ಲಿರಬೇಕು. ಅದನ್ನು ಸಿದ್ಧಪಡಿಸುವುದು ಕನ್ನಡ ವಿದ್ವಾಂಸರ ಹೊಣೆ.